ಶಿಲುಬೆಯ ಏಳು ಮಾತು, ನಾಲ್ವರು ಹೇಳಿದ ಯೇಸು

ಕುಷಾಯಿಗೂಡಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ ಶುಭ ಶುಕ್ರವಾರ ಬಂತೆಂದರೆ ತೆಲುಗಿನ ಎರಡು ಪದ ತಾನಾಗಿ ಪರಿಚಯವಾಗುತ್ತವೆ: ‘ಏಡು ಮಾಟಲು’. ಅಂದರೆ ಏಳು ಮಾತುಗಳು. ಯೇಸು ಶಿಲುಬೆಯ ಮೇಲಿಂದ ಆಡಿದ ಆ ಏಳು ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಧ್ಯಾನಿಸುವ ಪದ್ಧತಿ ಇಲ್ಲಿನ ಚರ್ಚುಗಳಲ್ಲಿದೆ, ನಮ್ಮೂರ ಕಡೆಯೂ ಇದೆ.

ಬೈಬಲ್ ತೆರೆದು ಈ ಏಳನ್ನು ಹುಡುಕಲು ಹೊರಟವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಯಾವ ಒಂದು ಸುವಾರ್ತೆಯಲ್ಲೂ ಏಳು ಮಾತುಗಳಿಲ್ಲ. ಲೂಕನಲ್ಲಿ ಮೂರು, ಯೋಹಾನನಲ್ಲಿ ಬೇರೆಯೇ ಮೂರು. ಮಾರ್ಕ ಮತ್ತು ಮತ್ತಾಯರಲ್ಲಿ ಒಂದೇ ಒಂದು, ಅದೂ ಇಬ್ಬರಲ್ಲೂ ಅದೇ. ಏಳು ಎಂಬುದು ನಾವು ಕೂಡಿಸಿ ಪಡೆದ ಲೆಕ್ಕ.

ಬಿಡಿಸಿ ಓದಿದರೆ ಚಿತ್ರ ಬದಲಾಗುತ್ತದೆ. ಮಾರ್ಕನ ಯೇಸು ಗೆತ್ಸೇಮನೆ ತೋಟದಲ್ಲಿ ನೆಲಕ್ಕೆ ಬಿದ್ದು, ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿಕೊಳ್ಳುತ್ತಾನೆ. ಶಿಷ್ಯರು ಓಡಿಹೋಗುತ್ತಾರೆ. ಅಕ್ಕಪಕ್ಕ ಶಿಲುಬೆಗೇರಿದ ಇಬ್ಬರೂ ಅವನನ್ನು ಹಂಗಿಸುತ್ತಾರೆ. ದೇವರೇ ನನ್ನನ್ನೇಕೆ ಕೈಬಿಟ್ಟೆ ಎಂಬ ಕೂಗೇ ಅವನ ಕೊನೆಯ ಮಾತು. ಆಮೇಲೆ ಮಾತಿಲ್ಲದ ಒಂದು ಮಹಾಧ್ವನಿ, ಸಾವು. ಮತ್ತಾಯ ಇದೇ ಕತೆಯನ್ನು ಹೇಳಿ, ಭೂಮಿ ಕಂಪಿಸಿತು, ಸಮಾಧಿಗಳು ತೆರೆದವು ಎಂದು ಸೇರಿಸುತ್ತಾನೆ.

ಲೂಕನ ಯೇಸು ಸಾಯುವ ಹೊತ್ತಿನಲ್ಲೂ ಇತರರ ಚಿಂತೆಯಲ್ಲಿದ್ದಾನೆ. ಕೊಲ್ಲುವವರಿಗಾಗಿ ಕ್ಷಮೆ ಕೇಳುತ್ತಾನೆ, ಪಶ್ಚಾತ್ತಾಪಪಟ್ಟ ಒಬ್ಬ ಅಪರಾಧಿಗೆ ಅಂದೇ ಪರದೈಸದ ಭರವಸೆ ಕೊಡುತ್ತಾನೆ, ತನ್ನ ಆತ್ಮವನ್ನು ತಂದೆಯ ಕೈಗೊಪ್ಪಿಸಿ ಕಣ್ಣು ಮುಚ್ಚುತ್ತಾನೆ. ಕೈಬಿಟ್ಟೆಯಾ ಎಂಬ ಕೂಗು ಇಲ್ಲಿ ಇಲ್ಲವೇ ಇಲ್ಲ.

ಯೋಹಾನನಲ್ಲಿ ಯೇಸು ಬಲಿಪಶುವಿಗಿಂತ ಒಡೆಯನಂತಿದ್ದಾನೆ. ‘ನಾನೇ’ ಎಂದಾಗ ಹಿಡಿಯಲು ಬಂದವರೇ ಹಿಂದೆ ಸರಿದು ನೆಲಕ್ಕೆ ಬೀಳುತ್ತಾರೆ. ಉಳಿದ ಮೂವರಲ್ಲಿ ಶಿಲುಬೆ ಹೊರಲು ಕುರೇನ್ಯದ ಸೀಮೋನನನ್ನು ಹಿಡಿದು ತಂದರೆ, ಇಲ್ಲಿ ಯೇಸುವೇ ಹೊರುತ್ತಾನೆ. ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿ, ಬಾಯಾರಿಕೆಯಾಗಿದೆ ಎಂದು ಹೇಳಿ, ಎಲ್ಲ ನೆರವೇರಿತು ಎಂದು ತಲೆಬಾಗುತ್ತಾನೆ.

ಈ ವ್ಯತ್ಯಾಸಗಳು ಇಂದು ಕಂಡವಲ್ಲ. ಕ್ರಿ.ಶ. 170ರ ಸುಮಾರಿಗೆ ತಾತಿಯಾನ್ ಎಂಬ ವಿದ್ವಾಂಸ ನಾಲ್ಕನ್ನೂ ಹೆಣೆದು ಒಂದೇ ಕಥನ ಮಾಡಿದ. ಸಿರಿಯಾದ ಚರ್ಚುಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು. ಐದನೇ ಶತಮಾನದಲ್ಲಿ ಅಲ್ಲಿನ ಬಿಷಪ್ಪರೇ ಅದನ್ನು ಬದಿಗಿಟ್ಟು ನಾಲ್ಕು ಬಿಡಿ ಪುಸ್ತಕಗಳನ್ನು ಮತ್ತೆ ತಂದರು. ಒಂದೇ ಕತೆಯ ಅನುಕೂಲಕ್ಕಿಂತ ನಾಲ್ಕು ಸಾಕ್ಷಿಗಳ ತೊಡಕೇ ಮೇಲೆಂದು ಸಭೆ ಆರಿಸಿಕೊಂಡಿತು.

ಕನ್ನಡಿಗರಿಗೆ ಇದು ಅರ್ಥವಾಗದ ಮಾತಲ್ಲ. ಪಂಪನ ಭಾರತಕ್ಕೆ ಅರ್ಜುನ ನಾಯಕ, ರನ್ನನ ‘ಗದಾಯುದ್ಧ’ಕ್ಕೆ ಭೀಮ, ಕುಮಾರವ್ಯಾಸನಿಗೆ ಕೃಷ್ಣ. ಮೂವರನ್ನೂ ಕಲಸಿ ಒಂದು ಭಾರತ ಮಾಡಿ ಎಂದು ನಾವು ಯಾರೂ ಕೇಳಿಲ್ಲ. ಕಾವ್ಯ ಮತ್ತು ಧರ್ಮಗ್ರಂಥ ಒಂದೇ ಅಲ್ಲ, ನಿಜ. ಆದರೆ ಹೇಳುವವನು ಬದಲಾದಾಗ ನಾಯಕನ ಮುಖ ಬದಲಾಗುವುದನ್ನು ನೋಡುವ ಅಭ್ಯಾಸ ನಮಗಿದೆ. ಈಗ ಕೇರಳದಲ್ಲಿರುವ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು. ಆ ಹೆಸರಿನಲ್ಲೇ ಒಂದು ಸ್ವಾರಸ್ಯವಿದೆ: ಮೂವರು ಸುವಾರ್ತಿಕರು ‘ಗೊಲ್ಗೊಥಾ’ ಎಂದು ಬರೆದರೆ, ಲೂಕ ಆ ಪದವನ್ನು ಬಿಟ್ಟು ‘ಕಪಾಲ’ ಎಂಬರ್ಥದ ಗ್ರೀಕ್ ಪದವನ್ನಷ್ಟೇ ಕೊಡುತ್ತಾನೆ.

ಹಾಗಾದರೆ ಕೂಡಿಸಿದರೆ ಕಳೆದುಕೊಳ್ಳುವುದೇನು? ರೂಢಿಯ ಏಳು ಮಾತುಗಳ ಸಾಲಿನಲ್ಲಿ ‘ಕೈಬಿಟ್ಟೆ’ ಎಂಬುದು ನಾಲ್ಕನೆಯದು. ಅದರ ಬೆನ್ನಿಗೇ ಬಾಯಾರಿಕೆ, ನೆರವೇರಿಕೆ, ಕೊನೆಗೆ ತಂದೆಯ ಕೈ. ಮಾರ್ಕನಲ್ಲಿ ಕೊನೆಯ ಮಾತಾಗಿದ್ದದ್ದು ಇಲ್ಲಿ ನಡುವೆ ದಾಟಿಹೋಗುವ ಮೆಟ್ಟಿಲು. ಗಡಿಯಾರದಲ್ಲಿ ಮೂರು ಹೊಡೆಯುವಷ್ಟರಲ್ಲಿ ಸಮಾಧಾನ ಸಿಕ್ಕಿಬಿಡುತ್ತದೆ. ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ, ಎಷ್ಟು ಪ್ರಾರ್ಥಿಸಿದರೂ ಉತ್ತರ ಕಾಣದವನಿಗೆ, ಸಮಾಧಾನ ಅಷ್ಟು ಬೇಗ ಬರುವುದಿಲ್ಲ. ಅಂಥವರ ಜೊತೆ ಕೂರಬಲ್ಲವನು ಮಾರ್ಕನ ಯೇಸು. ಅಪರಾಧದ ಭಾರ ಹೊತ್ತವನಿಗೆ ಲೂಕನವನು ಬೇಕು. ವಯಸ್ಸಾದ ತಾಯಿಯನ್ನು ಊರಲ್ಲಿ ಬಿಟ್ಟು ಬಂದ ನಮಗೆ, ಸಾಯುವಾಗಲೂ ತಾಯಿಗೊಂದು ಮನೆ ನೋಡಿದ ಯೋಹಾನನವನು ಹತ್ತಿರವಾಗಬಹುದು.

ಮುಂದಿನ ಶುಭ ಶುಕ್ರವಾರ ಒಂದೇ ಸುವಾರ್ತೆಯನ್ನು ಆರಿಸಿಕೊಂಡು ಓದಿ ನೋಡಿ. ಮಾರ್ಕನಾದರೆ 14 ಮತ್ತು 15ನೇ ಅಧ್ಯಾಯ, ಯೋಹಾನನಾದರೆ 18 ಮತ್ತು 19. ಇನ್ನೊಬ್ಬ ಹೇಳಿದ್ದನ್ನು ತಂದು ನಡುವೆ ಸೇರಿಸಬೇಡಿ. ಅವನು ಮಾತು ನಿಲ್ಲಿಸಿದಲ್ಲೇ ನೀವೂ ಸ್ವಲ್ಪ ಹೊತ್ತು ನಿಲ್ಲಿ.