ನಾಲೆಯ ದಾರಿ, ಬಸ್ಸಿನ ದಾರಿ

ಬೆಳಿಗ್ಗೆ ಏಳೂವರೆ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಇಳಿಯುವವರೇ ಬೇರೆ, ಹತ್ತುವವರೇ ಬೇರೆ. ರಂಗನಾಥನ ದರ್ಶನಕ್ಕೆ, ಗಂಜಾಮಿನ ನಿಮಿಷಾಂಬೆಗೆ, ಸಂಗಮದಲ್ಲಿ ಅಸ್ಥಿ ಬಿಡಲಿಕ್ಕೆ ಬಂದವರು ಇಳಿದು ಆಟೊ ಹುಡುಕುತ್ತಾರೆ. ಮೈಸೂರಿನ ಅಂಗಡಿ, ಆಸ್ಪತ್ರೆ, ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುವವರು ಊಟದ ಡಬ್ಬಿ ಹಿಡಿದು ಹತ್ತುತ್ತಾರೆ. ಪಾಂಡವಪುರದ ಕಡೆಯ ಬಸ್ಸಿಗೆ ಕಾಯುತ್ತಿರುವವರು ಈ ಎರಡು ಗುಂಪಿಗೂ ಸೇರದವರು. ಮಗಳ ಮನೆಯಿಂದ ಊರಿಗೆ ಹೊರಟ ಅಜ್ಜಿ, ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸಬೇಕಾದ ರೈತ, ಯೂನಿಫಾರಂ ತೊಟ್ಟ ಐಟಿಐ ಹುಡುಗರು. ಇವರ ಜೊತೆಯಲ್ಲೇ ಇವತ್ತಿನ ಪಯಣ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ.

ಮಂಡ್ಯ ಜಿಲ್ಲೆಯ ವಿಸ್ತೀರ್ಣ 4,961 ಚದರ ಕಿಲೋಮೀಟರ್. ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ಮತ್ತು ಟೊಬೇಗೊ ದೇಶ ಇದಕ್ಕಿಂತ ತುಸುವೇ ದೊಡ್ಡದು. ಅಲ್ಲಿಯ ಚರಿತ್ರೆಯಲ್ಲೂ ಕಬ್ಬಿದೆ, ಕಬ್ಬಿಗೆ ದುಡಿದ ಭಾರತದ ಕೂಲಿಗಳಿದ್ದಾರೆ. ಒಂದು ದೇಶವನ್ನು ನೋಡುವಷ್ಟು ವ್ಯವಧಾನ ಇಟ್ಟುಕೊಂಡು ನೋಡಬೇಕಾದ ನಾಡು ಇದು. ಆದರೆ ಹೆಚ್ಚಿನವರು ಬರುವುದು ಕಾರಿನಲ್ಲಿ. 1784ರ ದರಿಯಾ ದೌಲತ್, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗ, ಗುಂಬಜ್, ರಂಗನಾಥ. ಮೂರು ಗಂಟೆಯಲ್ಲಿ ನೋಡಿ ಮುಗಿಸಿ ಮೈಸೂರಿಗೆ ಹೊರಟುಬಿಡುತ್ತಾರೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಅಷ್ಟನ್ನೂ ನೋಡದೆ ಊರಿನ ಹೊರಗಿಂದಲೇ ಸಾಗುವವರು ಹೆಚ್ಚಿದ್ದಾರೆ. ಊರೂರಿಗೆ ನಿಲ್ಲುವ ಕೆಂಪು ಬಸ್ಸು ಈಗಲೂ ಒಳಗೆ ಬಂದೇ ಮುಂದಕ್ಕೆ ಹೋಗುತ್ತದೆ.

ಕೋಟೆಯ ಕಥೆ ಎಲ್ಲರಿಗೂ ಗೊತ್ತಿರುವುದು. ಕಾವೇರಿಯ ನಡುವಿನ ಈ ದ್ವೀಪದಲ್ಲಿ ನಾನು ಯಾರನ್ನಾದರೂ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕೆಂದರೆ ಬಂಗಾರದೊಡ್ಡಿ ನಾಲೆಯನ್ನು ತೋರಿಸುತ್ತೇನೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದು ಅದು. ಕಾವೇರಿಗೆ ಒಡ್ಡು ಕಟ್ಟಿ ತಿರುಗಿಸಿದ ನೀರನ್ನು ಕಾವೇರಿಯದೇ ಒಂದು ಕವಲಿನ ಮೇಲೆ ಮೇಲ್ಗಾಲುವೆಯಲ್ಲಿ ದಾಟಿಸಿ ದ್ವೀಪಕ್ಕೆ ತಂದಿದ್ದಾರೆ. ಕೆಳಗೆ ಹೊಳೆ, ಮೇಲೆ ನಾಲೆ. ಸುತ್ತಲೂ ಬಂಡೆ, ಬಂಡೆಯ ಮೇಲೆ ಬಟ್ಟೆ ಒಗೆಯುವವರು. ನೀರನ್ನು ಹೀಗೆ ಕೈಹಿಡಿದು ನಡೆಸಿಕೊಂಡು ಹೋದದ್ದೇ ಈ ಸೀಮೆಯ ದೊಡ್ಡ ಕಥೆ. ನಾಲ್ಕು ತಾಲ್ಲೂಕುಗಳನ್ನು ಬಸ್ಸಿನಲ್ಲಿ ಸುತ್ತಿದರೆ ಆ ಕಥೆ ಕಿಟಕಿಯಾಚೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪಾಂಡವಪುರದ ಬಸ್ಸು ಬಂತು. "ಪಾಂಡುಪುರ, ಪಾಂಡುಪುರ, ಒಳಿಕ್ಕೋಗಿ, ಒಸಿ ಒಳಿಕ್ಕೋಗಿ" ಎಂದು ಕಂಡಕ್ಟರ್ ಎಲ್ಲರನ್ನೂ ಜರುಗಿಸುತ್ತಾರೆ. ಹತ್ತಿದವರಲ್ಲಿ ಮುಕ್ಕಾಲು ಪಾಲು ಹೆಂಗಸರು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಈ ದಾರಿಗಳಲ್ಲಿ ಕಾಣುವ ನೋಟ ಇದು. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನ ಮರೆಯಿಂದ ಪುಟ್ಟ ಪರ್ಸು ತೆಗೆದರು. ಅದರೊಳಗೆ ನಾಲ್ಕು ಮಡಿಕೆಯ ಒಂದು ನೋಟು, ಎರಡು ಅಡಿಕೆ ಚೂರು, ಲ್ಯಾಮಿನೇಷನ್ ಮಾಡಿಸಿದ ಆಧಾರ್ ಕಾರ್ಡು. ಕಾರ್ಡಿನ ಮೂಲೆ ಬಿಟ್ಟುಕೊಂಡಿದೆ. ಅಲ್ಲಿಗೆ ಟಿಕ್ಲಿ ಅಂಟಿಸಿ ಹಿಡಿಸಿದ್ದಾರೆ. ಕಂಡಕ್ಟರ್ ಮಿಷನ್ನಿನ ಗುಂಡಿ ಒತ್ತಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಆಕೆ ಅದನ್ನೂ ಜೋಪಾನವಾಗಿ ಪರ್ಸಿನೊಳಗಿಟ್ಟರು.

"ತವ್ರಿಗೆ ವೊಂಟಿದ್ದೀರಾ ಅಕ್ಕಾ?" ಎಂದೆ.

"ಊ ಕಣಣ್ಣ. ಅವ್ವುಂಗೆ ಉಸಾರಿಲ್ಲ. ಮೊದ್ಲಾದ್ರೆ ಅಬ್ಬುಕ್ಕೆ ಒಂದಪ ವೋಯ್ತಿದ್ದೆ. ಈಗ ವಾರುಕ್ಕೊಂದಪ ವೋಗಿ ತಲೆ ಬಾಚಿ, ಮುದ್ದೆ ಕಟ್ಟಿಕ್ಕಿ ಬತ್ತೀನಿ."

ಉಚಿತ ಪ್ರಯಾಣದ ಬಗ್ಗೆ ಪರವಾಗಿ, ವಿರೋಧವಾಗಿ ಪೇಪರಿನಲ್ಲಿ ಎಷ್ಟೋ ಓದಿದ್ದೇನೆ. ವಾರಕ್ಕೊಮ್ಮೆ ತಾಯಿಯ ತಲೆ ಬಾಚಲು ಹೋಗುವ ಮಗಳು ಆ ಲೆಕ್ಕಗಳಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಸರ್ಕಾರದ ದುಡ್ಡು ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಸಲ್ಲುವುದು ಕಷ್ಟ ಎಂದೇ ನನ್ನ ನಂಬಿಕೆ.

ಪಾಂಡವಪುರ ಹತ್ತಿರವಾದಂತೆ ಎರಡೂ ಕಡೆ ಹಸಿರು ದಟ್ಟವಾಗುತ್ತದೆ. ಗದ್ದೆ, ಕಬ್ಬು, ತೆಂಗು, ಮತ್ತೆ ಗದ್ದೆ. ಇದೆಲ್ಲ ವಿ.ಸಿ. ನಾಲೆಯ ಫಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಕಟ್ಟೆ ಎದ್ದ ಮೇಲೆ ಎಡದಂಡೆಯಿಂದ ಹೊರಟ ನಾಲೆ ಇದು. ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದರು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರಾಯಿತು. ಅಡ್ಡ ಬಂದ ಗುಡ್ಡವನ್ನು ಹುಲಿಕೆರೆಯಲ್ಲಿ ಸುರಂಗ ಕೊರೆದು ದಾಟಿದೆ. ಅದರಾಚೆ ಮಂಡ್ಯ, ಮದ್ದೂರು, ಮಳವಳ್ಳಿಯ ಒಣ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕ್ರಮವನ್ನು ಗಮನಿಸಿ: ನೀರು ಮೊದಲು, ಕಾರ್ಖಾನೆ ಆಮೇಲೆ, ಜಿಲ್ಲೆ ಕೊನೆಗೆ.

ಈ ನಾಲೆಯ ಮಾತು ಬಂದಾಗ ಬಸ್ಸಿನಲ್ಲಿ ಕೂತು ಮರೆಯಲಾಗದ ಒಂದು ದಿನವಿದೆ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ತುಂಬಿ ಹರಿಯುತ್ತಿದ್ದ ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಮಂಡ್ಯದ ನಟ ಅಂಬರೀಷ್ ತೀರಿಕೊಂಡರು. ಆ ದಿನ ಮಂಡ್ಯ ಸೀಮೆಯ ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯಲಿಲ್ಲ ಎಂದು ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಹಳ್ಳಿಗಳ ಬಸ್ಸುಗಳು ನಾಲೆ ಏರಿಯ ಮೇಲೇ ಓಡಾಡಬೇಕು, ಬೇರೆ ದಾರಿಯಿಲ್ಲ. ಏರಿಯ ಉದ್ದಕ್ಕೂ ತಡೆಗೋಡೆ ಕಟ್ಟುವುದು ರಸ್ತೆ ಕಾಮಗಾರಿಯ ಕೊನೆಯ ಬಾಬತ್ತು ಆಗಬಾರದು. ಮೊದಲು ಗೋಡೆ, ಆಮೇಲೆ ಡಾಂಬರು.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗುಡ್ಡಗಳ ಬುಡದಲ್ಲಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದರು. ಬಸ್ಸಿನ ಕಿಟಕಿಗೆ ಕಾಣುವ ಕುಂತಿ ಬೆಟ್ಟವೇ ಆ ಗುಡ್ಡ. ವನವಾಸದಲ್ಲಿ ಪಾಂಡವರು ಇಲ್ಲಿದ್ದರೆಂಬುದು ಊರಿನವರ ನಂಬಿಕೆ. ಇಲ್ಲಿಂದ ಆಟೊ ಹಿಡಿದರೆ ತೊಣ್ಣೂರು ಕೆರೆ. ರಾಮಾನುಜರು ಬಂದು ನಿಂತ ಊರು, ನಂಬಿನಾರಾಯಣನ ಊರು. ಕೆರೆಯ ನೀರು ತಿಳಿಯಾಗಿರುವ ದಿನ ದಡದಲ್ಲಿ ಕೂತರೆ ತಳದ ಕಲ್ಲು ಎಣಿಸಬಹುದು. ಶನಿವಾರ ಭಾನುವಾರ ಗಲಾಟೆ ಇರುತ್ತದೆ, ವಾರದ ನಡುವೆ ಹೋಗಿ.

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಚಿನಕುರಳಿಯ ಮೇಲೆ ದಾರಿ. 1771ರಲ್ಲಿ ಮರಾಠರು ಹೈದರನ ಸೇನೆಯನ್ನು ಚದುರಿಸಿದ್ದು ಇದೇ ಚಿನಕುರಳಿಯ ಸುತ್ತಿನಲ್ಲಿ. ಈಗ ಅಲ್ಲಿ ಕಾಣುವುದು ಕಬ್ಬು ಹೇರಿದ ಟ್ರ್ಯಾಕ್ಟರು. ಎರಡು ಟ್ರೇಲರಿನ ಟ್ರ್ಯಾಕ್ಟರ್ ಮುಂದೆ ಸಿಕ್ಕಿದರೆ ಬಸ್ಸು ಅದರ ಹಿಂದೆಯೇ ತೆವಳಬೇಕು. ಅದರಿಂದ ಒಂದು ಲಾಭವೂ ಉಂಟು, ರಸ್ತೆ ಬದಿಯ ಆಲೆಮನೆಯನ್ನು ನಿಧಾನಕ್ಕೆ ನೋಡಬಹುದು. ಗಾಣದಿಂದ ಹಾಲು ಕೊಪ್ಪರಿಗೆಗೆ ಇಳಿಯುತ್ತದೆ, ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುರುಕುತ್ತಾರೆ, ಕುದಿಯುವ ಪಾಕದ ಮೇಲೆ ಎದ್ದ ಕೊಳೆಯನ್ನು ಉದ್ದನೆ ಹಿಡಿಯ ಜರಡಿಯಲ್ಲಿ ತೆಗೆಯುತ್ತಾರೆ. ಬಿಸಿ ಬೆಲ್ಲದ ವಾಸನೆ ಬಸ್ಸಿನೊಳಗೆ ನುಗ್ಗಿದಾಗ ಮಾತಾಡುತ್ತಿದ್ದವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ.

ಕೆ.ಆರ್. ಪೇಟೆ, ಹಿಂದಿನ ಅತ್ತಿಗುಪ್ಪೆ, ಹೇಮಾವತಿಯ ಸೀಮೆ. ಮಂದಗೆರೆ, ಹೇಮಗಿರಿಯ ಹಳೆಯ ಅಣೆಕಟ್ಟೆಗಳು ಹೊಳೆಗೆ ಹತ್ತಿರದ ಭೂಮಿಯನ್ನು ತಲೆಮಾರುಗಳಿಂದ ನೆನೆಸಿವೆ. 1979ರಲ್ಲಿ ಗೊರೂರಿನ ಅಣೆಕಟ್ಟೆ ಮುಗಿದ ಮೇಲೆ ದೂರದ ಹೊಲಗಳಿಗೂ ನಾಲೆ ಬಂತು. ಮೈಸೂರು-ಅರಸೀಕೆರೆ ರೈಲು ಹಾದಿ ಅಕ್ಕಿಹೆಬ್ಬಾಳು, ಮಂದಗೆರೆ ಕಡೆಯಿಂದಲೇ ಹಾದುಹೋಗುತ್ತದೆ, ಪಟ್ಟಣಕ್ಕೆ ರೈಲಿಲ್ಲ. ಹಾಗಾಗಿ ಇಲ್ಲಿಯ ಬಸ್ ನಿಲ್ದಾಣಕ್ಕೆ ಶ್ರೀರಂಗಪಟ್ಟಣದಲ್ಲಿಲ್ಲದ ತೂಕವಿದೆ. ಆಸ್ಪತ್ರೆ, ಕಾಲೇಜು, ಸಂತೆ, ಕೋರ್ಟು, ಮದುವೆ, ತಿಥಿ ಎಲ್ಲವೂ ಬಸ್ಸಿನ ಟೈಮಿಗೆ ಕಟ್ಟುಬಿದ್ದಿವೆ.

ನಿಲ್ದಾಣದಿಂದ ಹೊಸಹೊಳಲಿಗೆ ಎರಡು ಮೂರು ಕಿಲೋಮೀಟರ್. ನಡೆದೇ ಹೋಗಬಹುದು, ಹೋಗಲೇಬೇಕು. ಸುಮಾರು 1250ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಕಟ್ಟಿದ ಲಕ್ಷ್ಮೀನಾರಾಯಣ ದೇವಾಲಯ ಮನೆಗಳ ನಡುವೆ ಇದೆ. ಮೂರು ಗರ್ಭಗುಡಿ: ಲಕ್ಷ್ಮೀನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ. ಜಗತಿಯ ಮೇಲೆ ಪ್ರದಕ್ಷಿಣೆ ಬಂದರೆ ಮೊಣಕಾಲೆತ್ತರದಲ್ಲಿ ಆನೆ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತದ ಕಥಾಪಟ್ಟಿ. ನಾನು ಒಂದೇ ಆನೆಯ ಎದುರು ಕುಕ್ಕರಗಾಲಲ್ಲಿ ಕೂತೆ. ಮುಂದಿನ ಆನೆಯ ಬಾಲಕ್ಕೆ ಇದರ ಸೊಂಡಿಲು ತಾಗಿಯೂ ತಾಗದ ಹಾಗಿದೆ. ಕೊರಳಿನ ಗಂಟೆಯ ಹಗ್ಗದ ಹುರಿ ಬೆರಳಿಗೆ ಸಿಗುತ್ತದೆ. ಕೈಯಳತೆಯ ಕಲ್ಲಿನಲ್ಲಿ ಹಗ್ಗದ ಹುರಿಯನ್ನು ಬಿಡಿಸುವಷ್ಟು ತಾಳ್ಮೆ ಆ ಉಳಿಗಿತ್ತು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಹೊಸಹೊಳಲು ಆ ಪಟ್ಟಿಯಲ್ಲಿಲ್ಲ. ಕೆತ್ತನೆಯಲ್ಲಿ ಸೋಮನಾಥಪುರದ ಜೊತೆಗೆ ನಿಲ್ಲಬಲ್ಲ ಗುಡಿ ಇದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನಾನು ಅಲ್ಲಿದ್ದಷ್ಟು ಹೊತ್ತೂ ಬೇರೆ ಪ್ರವಾಸಿ ಒಬ್ಬರೂ ಬರಲಿಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು, "ಒಳಗಿರಾ ಕಂಬನೂ ನೋಡೋಗಪ್ಪ, ಕನ್ನಡಿ ಇದ್ದಂಗವೆ" ಎಂದು ಹೇಳಿ ಕಳಿಸಿದರು. ಅವರು ಹೇಳಿದ್ದು ನಿಜ, ಚರಕಿ ಹಿಡಿದ ಕಂಬಗಳಲ್ಲಿ ಬಾಗಿಲ ಬೆಳಕು ಮೂಡಿತ್ತು.

ಚನ್ನರಾಯಪಟ್ಟಣದ ಬಸ್ಸು ಹತ್ತಿದರೆ ಕಿಕ್ಕೇರಿ. 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. 1942ರ 'ಮೈಸೂರ ಮಲ್ಲಿಗೆ'ಯ ಹಿಂದೆ ಇರುವ ಗಂಡ ಹೆಂಡಿರ, ತವರು ದಾರಿಯ ಲೋಕ ಈ ಸೀಮೆಯದೇ ಎಂದು ಬಸ್ಸಿನಲ್ಲಿ ಕೂತಾಗ ಅನ್ನಿಸುತ್ತದೆ. 1171ರ ಬ್ರಹ್ಮೇಶ್ವರ ದೇವಾಲಯ ಇಲ್ಲಿದೆ, ಹತ್ತಿರದ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿ ಸಾಲಾಗಿ ನಿಂತ ಪಂಚಲಿಂಗೇಶ್ವರವಿದೆ. ಗೋವಿಂದನಹಳ್ಳಿಗೆ ಹೊರಡುವ ಮುನ್ನ ವಾಪಸ್ ಬರುವ ಬಸ್ಸಿನ ಟೈಮು ಕೇಳಿಕೊಳ್ಳಿ.

ಕೆ.ಆರ್. ಪೇಟೆಗೆ ಮರಳಿ ನಾಗಮಂಗಲದ ಬಸ್ಸು. ಇಲ್ಲಿಂದ ನೆಲದ ಬಣ್ಣ ಬದಲಾಗುತ್ತದೆ. ಗದ್ದೆ ಹಿಂದೆ ಉಳಿದು ರಾಗಿ ಹೊಲ, ಹುರುಳಿ, ತೆಂಗಿನ ತೋಟ, ನಡುನಡುವೆ ಬಂಡೆ ಎದ್ದ ಬಯಲು ಬರುತ್ತದೆ. ಕೊಯ್ದ ರಾಗಿಯನ್ನು ಡಾಂಬರಿನ ಮೇಲೇ ಹರವಿದ್ದಾರೆ, ಬಸ್ಸಿನ ಗಾಲಿಯೇ ಕಣದ ಗುಂಡು. ಹೇಮಾವತಿ ನಾಲೆ ನಾಗಮಂಗಲಕ್ಕೂ ಬಂದಿದೆ, ಆದರೆ ಕೊನೇ ಭಾಗದ ರೈತ ಮೇಲಿನವರ ಗದ್ದೆ ತಣಿಯುವವರೆಗೆ ಕಾಯಬೇಕು. ಕಾಯಲಾರದವರು ಬೆಂಗಳೂರಿಗೆ, ಮುಂಬೈಗೆ ಹೋದರು. 2020ರ ಮೇ ತಿಂಗಳಲ್ಲಿ ಮುಂಬೈನಿಂದ ಊರಿಗೆ ಮರಳಿದವರಲ್ಲಿ ಕೊರೊನಾ ಕಂಡು ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹೆಸರು ದಿನವೂ ಸುದ್ದಿಯಲ್ಲಿ ಬಂತು. ಇಷ್ಟೊಂದು ಜನ ಅಲ್ಲಿ ದುಡಿಯುತ್ತಿದ್ದರೆಂದು ನಾಡಿನ ಬಹಳ ಮಂದಿಗೆ ತಿಳಿದದ್ದೇ ಆಗ. ನಾಲೆ ಎಲ್ಲಿಯವರೆಗೆ ತುಂಬಿ ಹರಿಯುತ್ತದೋ ಅಲ್ಲಿಯವರೆಗೆ ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗುವವರು ಹೆಚ್ಚು. ನೀರು ಕಡಿಮೆಯಾದಲ್ಲಿ ಬ್ಯಾಗು ಹೊತ್ತು ದೂರ ಹೋಗುವವರು ಹೆಚ್ಚು.

ನಾಗಮಂಗಲ ನೋಡಲು ಎರಡು ಗಂಟೆ ಸಾಲದು. ಸೌಮ್ಯಕೇಶವನ ಗುಡಿಯ ಹೊಯ್ಸಳ ಗೋಡೆಗಳಲ್ಲಿ ಹೊಸಹೊಳಲಿನ ಕೆತ್ತನೆಯ ಸಂಭ್ರಮವಿಲ್ಲ, ಬದಲಿಗೆ ಒಂದು ಸರಳ ಗಾಂಭೀರ್ಯವಿದೆ. ಕಂಚಿನ ವಿಗ್ರಹ ಎರಕ ಹೊಯ್ಯುವ ಕಸುಬು ಈ ಊರಿಗೆ ಹೆಸರು ತಂದಿದೆ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೇ ಮೂರ್ತಿ ಹೊರಗೆ ಬರುವುದು. ಅದೇ ಅಚ್ಚಿನಲ್ಲಿ ಇನ್ನೊಂದು ಆಗುವುದಿಲ್ಲ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಈ ತಾಲ್ಲೂಕಿನ ಹೆರಗನಹಳ್ಳಿಯವರು, ಅವರೂ 1915ರಲ್ಲಿ ಹುಟ್ಟಿದವರು. ನೆರೆಯ ಎರಡು ತಾಲ್ಲೂಕುಗಳಲ್ಲಿ ಒಂದೇ ವರ್ಷ ಒಬ್ಬ ಕವಿ, ಹಾಡುಗಳನ್ನು ಕೂಡಿಟ್ಟ ಇನ್ನೊಬ್ಬರು.

ಇಲ್ಲಿಂದ ಉತ್ತರಕ್ಕೆ ಹೋದರೆ ಬೆಳ್ಳೂರು ಕ್ರಾಸ್, ಆದಿಚುಂಚನಗಿರಿ. ಬಿಂಡಿಗನವಿಲೆ ಕಡೆ ಹೋದರೆ ಗಂಗರ ಕಾಲದ ಬಸದಿಗಳಿರುವ ಕಂಬದಹಳ್ಳಿ. ದಕ್ಷಿಣಕ್ಕೆ ಪಾಂಡವಪುರದ ಬಸ್ಸು ಹಿಡಿದು ಜಕ್ಕನಹಳ್ಳಿ ಕ್ರಾಸಿನಲ್ಲಿ ಇಳಿದರೆ ಮೇಲುಕೋಟೆ, ಚೆಲುವನಾರಾಯಣ, ಪು.ತಿ.ನ. ಅವರ ಮನೆ, ಪುಳಿಯೋಗರೆ. ಆ ಊರಿಗೇ ಒಂದು ದಿನ ಬೇಕು, ಇವತ್ತು ಬೇಡ.

ಸಂಜೆ ನಾಲ್ಕೂವರೆಗೆ ನಾಗಮಂಗಲ ನಿಲ್ದಾಣ ಕಾಲೇಜು ಮಕ್ಕಳಿಂದ ತುಂಬಿತು. ಕೊರಳಿಗೆ ಬಸ್ ಪಾಸು ತೂಗಿಸಿಕೊಂಡ ಹುಡುಗರು, ಆಧಾರ್ ಹಿಡಿದ ಹುಡುಗಿಯರು. ಪದವಿ ಓದುತ್ತಿರುವ ಒಬ್ಬಳನ್ನು ಮಾತಾಡಿಸಿದೆ. ಅವಳ ಹಳ್ಳಿಗೆ ಹೋಗುವ ಬಸ್ಸು ತಪ್ಪಿದರೆ ಕತ್ತಲಾದ ಮೇಲೆ ಇನ್ನೊಂದು. ಅದಕ್ಕೇ ಕೊನೆಯ ಪೀರಿಯಡ್ ಬಿಟ್ಟು ಬರುತ್ತಾಳೆ.

"ಯಾವ ಸಬ್ಜೆಕ್ಟಮ್ಮ ಕೊನೇ ಪೀರಿಯಡ್ಡು?"

"ಎಕನಾಮಿಕ್ಸ್ ಸಾರ್. ಫ್ರೆಂಡ್ ನೋಟ್ಸ್ ಫೋಟೊ ಕಳಿಸ್ತಾಳೆ. ಐದೂವರೆಗೊಂದು ಬಸ್ ಬಿಟ್ರೆ ನಾವು ಹದಿನಾರು ಜನ ಕೂತ್ಕೊಂಡ್ ಕೇಳ್ತೀವಿ. ಅರ್ಜಿ ಬರ್ದಿದ್ದೀವಿ, ಎಲ್ಲಾರೂ ಸೈನ್ ಹಾಕಿದ್ದೀವಿ, ನಾಳೆ ಕೊಡೋಕೋಗ್ತೀವಿ."