ಮುಖದ ಮೇಲಿನ ನೆರಳನ್ನು ಮೆತ್ತಗಾಗಿಸುವುದು ಹೇಗೆ?

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ಮೂರೂ ಸುಮಾರು 13.5ರಿಂದ 13.8 ಡಿಗ್ರಿ ಉತ್ತರ ಅಕ್ಷಾಂಶದೊಳಗಿವೆ. ಆದ್ದರಿಂದ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಹಾಗೂ ಆಗಸ್ಟ್ ಮಧ್ಯಭಾಗದಲ್ಲಿ, ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಶಾಲೆಗಳಲ್ಲಿ ಕೋಲು ನೆಟ್ಟು 'ಶೂನ್ಯ ನೆರಳಿನ ದಿನ'ವನ್ನು ನೋಡುವುದು ಆಗಲೇ. ಕೋಲಿನ ನೆರಳು ಮಾಯವಾಗುವ ಆ ಹೊತ್ತಿನಲ್ಲಿ ಎದುರಿಗೆ ನಿಂತವರ ಮುಖವನ್ನು ಗಮನಿಸಿ. ಹುಬ್ಬಿನ ಕೆಳಗೆ ಕಣ್ಣುಗಳು ಕಪ್ಪು ಗುಳಿಗಳಾಗಿರುತ್ತವೆ. ಮೂಗಿನ ನೆರಳು ಮೇಲ್ದುಟಿಯ ಮೇಲೆ ಬಿದ್ದಿರುತ್ತದೆ. ಹಣೆ ಮಾತ್ರ ಹೊಳೆಯುತ್ತಿರುತ್ತದೆ. ಆಗ ಚಿತ್ರ ತೆಗೆದರೆ ಬರುವುದು ಆ ವ್ಯಕ್ತಿಯ ಮುಖವಲ್ಲ, ಸೂರ್ಯ ಅದರ ಮೇಲೆ ಬರೆದ ನೆರಳು.

ಇದು ಸಣ್ಣ ವಿಷಯವಲ್ಲ. ಹಳ್ಳಿಯ ಹಿರಿಯರಲ್ಲಿ ಎಷ್ಟೋ ಮಂದಿಗೆ ನೆಟ್ಟಗಿನ ಭಾವಚಿತ್ರ ಒಂದೂ ಇರುವುದಿಲ್ಲ. ಅವರು ತೀರಿಕೊಂಡಾಗ ಗುರುತಿನ ಚೀಟಿಯ ಮಸುಕು ಚಿತ್ರವನ್ನೇ ಹಿಗ್ಗಿಸಿ ಕಟ್ಟು ಹಾಕಿಸುವುದನ್ನು ನೀವು ಕಂಡಿರಬಹುದು. ಅಂಥವರನ್ನು ಸ್ಟುಡಿಯೋಗೆ ಕರೆತರುವುದು ಕಷ್ಟ. ಸ್ಟುಡಿಯೋದ ಬೆಳಕನ್ನೇ ಅವರ ಹೊಲಕ್ಕೋ ತೋಟಕ್ಕೋ ಒಯ್ಯುವುದು ಸುಲಭ. ಒಂದು ಕೈಫ್ಲಾಶ್ ಮತ್ತು ಅದರ ಮುಂದೆ ಕಟ್ಟುವ 60 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸ್ ಇದ್ದರೆ ಅದು ಸಾಧ್ಯ. ಸಾಫ್ಟ್‌ಬಾಕ್ಸ್ ಎಂದರೆ ಒಳಮೈಗೆ ಬೆಳ್ಳಿಬಣ್ಣ, ಮುಂಬದಿಗೆ ತೆಳುವಾದ ಬಿಳಿ ಬಟ್ಟೆ ಇರುವ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದಾದ ಪೆಟ್ಟಿಗೆ. ಅದು ಕೆಲಸ ಮಾಡುವ ಬಗೆಯನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ತಿಳಿಯಬಹುದು.

ಸೂರ್ಯ ಸಣ್ಣ ದೀಪ!

ಬಿಳಿ ಬಟ್ಟೆಯಿಂದಾಗಿ ಬೆಳಕು ಮೃದುವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ಬಟ್ಟೆಯಲ್ಲ. ಮುಖದಿಂದ ನೋಡಿದಾಗ ಬೆಳಕಿನ ಆಕರ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ. ಆದರೆ ಅದು 15 ಕೋಟಿ ಕಿ.ಮೀ. ದೂರದಲ್ಲಿದೆ. ಹಾಗಾಗಿ ನಮ್ಮ ಕಣ್ಣಿಗೆ ಅದರ ಅಗಲ ಅರ್ಧ ಡಿಗ್ರಿ ಮಾತ್ರ. ಛಾಯಾಗ್ರಾಹಕನ ಲೆಕ್ಕದಲ್ಲಿ ಸೂರ್ಯ ಬಹಳ ಸಣ್ಣ ದೀಪ. 60 ಸೆಂ.ಮೀ. ಅಗಲದ ಪೆಟ್ಟಿಗೆಯನ್ನು ಮುಖದಿಂದ 60 ಸೆಂ.ಮೀ. ದೂರದಲ್ಲಿಟ್ಟರೆ ಅದು 53 ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ. ಅದನ್ನೇ 3 ಮೀ. ದೂರಕ್ಕೆ ಒಯ್ದರೆ 11 ಡಿಗ್ರಿಗೆ ಇಳಿಯುತ್ತದೆ.

ಗ್ರಹಣದ ಪಾಠದಲ್ಲಿ ಬರುವ ದಟ್ಟ ನೆರಳು ಮತ್ತು ಅರೆನೆರಳನ್ನು ಇಲ್ಲಿ ನೆನಪಿಸಿಕೊಳ್ಳಿ. ಆಕರ ಬಿಂದುವಿನಂತಿದ್ದರೆ ನೆರಳಿನ ಅಂಚು ಗೀಚಿದಂತೆ ಇರುತ್ತದೆ. ಆಕರಕ್ಕೆ ಅಗಲವಿದ್ದರೆ ಅಂಚಿನ ಸುತ್ತ ಅರೆನೆರಳಿನ ಪಟ್ಟಿ ಮೂಡಿ, ಬೆಳಕಿನಿಂದ ಕತ್ತಲಿಗೆ ಹಂತಹಂತವಾಗಿ ಇಳಿಯುತ್ತದೆ. ಆ ಪಟ್ಟಿಯ ಅಗಲವನ್ನು ಸದೃಶ ತ್ರಿಭುಜಗಳಿಂದ ಪಡೆಯಬಹುದು:

ಅರೆನೆರಳಿನ ಅಗಲ = ಆಕರದ ಅಗಲ × (ವಸ್ತುವಿನಿಂದ ನೆರಳು ಬೀಳುವ ತಾಣಕ್ಕಿರುವ ದೂರ ÷ ಆಕರದಿಂದ ವಸ್ತುವಿಗಿರುವ ದೂರ)

ಮೂಗಿನ ತುದಿಯಿಂದ ಕೆನ್ನೆಗೆ 3 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಬಿಸಿಲಿನಲ್ಲಿ ಮೂಗಿನ ನೆರಳಿನ ಅಂಚು ಸುಮಾರು 0.3 ಮಿ.ಮೀ. 7 ಸೆಂ.ಮೀ. ಅಗಲದ ಬರಿಯ ಫ್ಲಾಶನ್ನು 2 ಮೀ. ದೂರದಿಂದ ಬೆಳಗಿಸಿದರೆ 1 ಮಿ.ಮೀ. ಸಾಫ್ಟ್‌ಬಾಕ್ಸ್ 3 ಮೀ. ದೂರದಲ್ಲಿದ್ದರೆ 6 ಮಿ.ಮೀ. ಅದೇ ಪೆಟ್ಟಿಗೆ 60 ಸೆಂ.ಮೀ. ದೂರದಲ್ಲಿದ್ದರೆ 3 ಸೆಂ.ಮೀ.; ಅಂದರೆ ನೆರಳು ಕೆನ್ನೆಯಲ್ಲಿ ಕರಗಿಹೋಗುತ್ತದೆ. ಫ್ಲಾಶಿನ ಮೂತಿಗೆ ಸಿಕ್ಕಿಸುವ ಚಿಕ್ಕ ಬಿಳಿ ಪ್ಲಾಸ್ಟಿಕ್ ಟೊಪ್ಪಿಗೆಯಿಂದ ಬಯಲಿನಲ್ಲಿ ಹೆಚ್ಚು ಪ್ರಯೋಜನವಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಅದು ಬೆಳಕನ್ನು ಚದುರಿಸುತ್ತದೆ, ಆದರೆ ಆಕರದ ಅಗಲವನ್ನು ಹೆಚ್ಚಿಸುವುದಿಲ್ಲ. ಕೋಣೆಯೊಳಗಾದರೆ ಚದುರಿದ ಬೆಳಕು ಸುಣ್ಣದ ಗೋಡೆಗೆ ತಾಗಿ ಮರಳುತ್ತದೆ. ಹೊಲದಲ್ಲಿ ಗೋಡೆ ಎಲ್ಲಿದೆ?

ಅಗಲವಾದ ಆಕರದಿಂದ ಇನ್ನೊಂದು ಲಾಭವಿದೆ. ಬೆವರಿದ ಚರ್ಮ ಸ್ವಲ್ಪಮಟ್ಟಿಗೆ ಕನ್ನಡಿಯಂತೆ ವರ್ತಿಸುತ್ತದೆ. ಸಣ್ಣ ಆಕರವಿದ್ದರೆ ಹಣೆಯ ಮೇಲೆ ಕಣ್ಣು ಕುಕ್ಕುವ ಬಿಳಿ ಚುಕ್ಕೆ ಬೀಳುತ್ತದೆ. ಅಷ್ಟೇ ಬೆಳಕು ಅಗಲವಾದ ಆಕರದಿಂದ ಬಂದರೆ ಆ ಹೊಳಪು ಹರಡಿಕೊಂಡು ಮಂದವಾಗುತ್ತದೆ. ಕಪ್ಪು ಬಣ್ಣದ ಮುಖಗಳ ಉಬ್ಬುತಗ್ಗು ಚೆನ್ನಾಗಿ ಮೂಡುವುದು ಈ ಹರಡಿದ ಹೊಳಪಿನಿಂದಲೇ. ಅಂಥ ಮುಖಗಳಿಗೆ ಹೆಚ್ಚು ಬೆಳಕು ಸುರಿದು ಬೆಳ್ಳಗೆ ಮಾಡಬೇಕಾಗಿಲ್ಲ. ಬೆಳಕಿನ ಅಗಲವನ್ನು ಹೆಚ್ಚಿಸಿದರೆ ಸಾಕು. ಬಣ್ಣ ಇದ್ದಂತೆಯೇ ಉಳಿಯುತ್ತದೆ.

ತರಗತಿಯಲ್ಲಿ ಅಳೆದು ನೋಡಿ

ಕತ್ತಲು ಮಾಡಿದ ಕೋಣೆಯಲ್ಲಿ ಗೋಡೆಗೆ ಬಿಳಿ ಹಾಳೆ ಅಂಟಿಸಿ. ಗೋಡೆಯಿಂದ 10 ಸೆಂ.ಮೀ. ಮುಂದೆ ಒಂದು ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ. ಅದರಿಂದ 1 ಮೀ. ದೂರದಲ್ಲಿ ಮೊಬೈಲಿನ ಟಾರ್ಚ್ ಬೆಳಗಿಸಿ. ನೆರಳಿನ ಅಂಚು ಚೂಪಾಗಿರುತ್ತದೆ. ಈಗ ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿ 20 ಸೆಂ.ಮೀ. ಚೌಕದ ಕಿಂಡಿ ಕೊರೆದು ಅದಕ್ಕೆ ಟ್ರೇಸಿಂಗ್ ಕಾಗದ ಅಂಟಿಸಿ. ಎದುರು ಬದಿಯಲ್ಲಿ ತೂತು ಮಾಡಿ, ಕಾಗದವೆಲ್ಲ ಸಮನಾಗಿ ಬೆಳಗುವಂತೆ ಟಾರ್ಚನ್ನು ಒಳಗೆ ಹಾಯಿಸಿ. ಕಾಗದವು ಅಳತೆಪಟ್ಟಿಯಿಂದ 1 ಮೀ. ದೂರದಲ್ಲಿರಲಿ. ಸೂತ್ರದ ಪ್ರಕಾರ ಅರೆನೆರಳು 2 ಸೆಂ.ಮೀ. ಅಗಲವಿರಬೇಕು. ವಿದ್ಯಾರ್ಥಿಗಳು ಅಳೆಯಲಿ. ಬಳಿಕ ಪೆಟ್ಟಿಗೆಯನ್ನು 2 ಮೀ. ದೂರಕ್ಕೆ ಸರಿಸಿ ಮತ್ತೆ ಅಳೆಯಲಿ. ಅಳತೆಪಟ್ಟಿಯ ಬದಲು ಮಣ್ಣಿನ ಚೆಂಡನ್ನಿಟ್ಟರೆ ಅದರ ಗುಂಡುತನ ಹೇಗೆ ಬದಲಾಗಿ ಕಾಣುತ್ತದೆಂಬುದನ್ನೂ ನೋಡಬಹುದು.

ಫ್ಲಾಶಿನೊಳಗೆ ಏನಿದೆ?

ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಬೆಳೆಸಿದ ತಂತ್ರವೇ ಇಂದಿನ ಫ್ಲಾಶಿಗೂ ಆಧಾರ. ನಾಲ್ಕು ಪುಟ್ಟ ಬ್ಯಾಟರಿಗಳ ವಿದ್ಯುತ್ತನ್ನು ಸುಮಾರು 300 ವೋಲ್ಟಿಗೆ ಏರಿಸಿ ಧಾರಕದಲ್ಲಿ ತುಂಬಿಡಲಾಗುತ್ತದೆ. ಗುಂಡಿ ಒತ್ತಿದಾಗ ಅದು ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯ ಮೂಲಕ ಒಮ್ಮೆಲೇ ಹರಿಯುತ್ತದೆ. 1,000 ಮೈಕ್ರೊಫ್ಯಾರಡ್ ಧಾರಕವಾದರೆ ಅದರಲ್ಲಿರುವ ಶಕ್ತಿ ½CV² ಸೂತ್ರದಂತೆ 45 ಜೂಲ್. ಅದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಖರ್ಚಾದರೆ ಸಾಮರ್ಥ್ಯ 45 ಕಿಲೋವಾಟ್! 5 ಅಶ್ವಶಕ್ತಿಯ ಹನ್ನೆರಡು ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿದಂತೆ, ಆದರೆ ಕ್ಷಣಮಾತ್ರ. ಅಂಗೈಯಗಲದ ಸಾಧನ ಬಿಸಿಲಿಗೆ ಎದುರು ನಿಲ್ಲುವುದು ಹೀಗೆ.

ಎಚ್ಚರಿಕೆ: ಕೆಟ್ಟ ಫ್ಲಾಶನ್ನು ವಿದ್ಯಾರ್ಥಿಗಳು ಬಿಚ್ಚದಂತೆ ನೋಡಿಕೊಳ್ಳಿ. ಬ್ಯಾಟರಿ ತೆಗೆದ ಮೇಲೂ ಧಾರಕದಲ್ಲಿ ವಿದ್ಯುದಂಶ ಉಳಿದಿರುತ್ತದೆ. ಅದರ ಆಘಾತ ಅಪಾಯಕಾರಿ.

ಎರಡು ಬೆಳಕು, ಎರಡು ಹಿಡಿತ

ಬಯಲಿನಲ್ಲಿ ತೆಗೆಯುವ ಇಂಥ ಚಿತ್ರದಲ್ಲಿ ಎರಡು ಬೆಳಕುಗಳಿರುತ್ತವೆ: ಸುತ್ತಲಿನದು ಮತ್ತು ಫ್ಲಾಶಿನದು. ಫ್ಲಾಶ್ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿದುಹೋಗುವುದರಿಂದ ಷಟರ್ 1/60 ಸೆಕೆಂಡು ತೆರೆದಿದ್ದರೂ 1/200 ಸೆಕೆಂಡು ತೆರೆದಿದ್ದರೂ ಅದಕ್ಕೆ ಒಂದೇ. ಸುತ್ತಲಿನ ಬೆಳಕು ಮಾತ್ರ ಷಟರ್ ತೆರೆದಷ್ಟು ಹೊತ್ತೂ ಒಳಬರುತ್ತದೆ. ಹೀಗಾಗಿ ಷಟರ್ ವೇಗದಿಂದ ಹಿನ್ನೆಲೆಯನ್ನು ಹೊಂದಿಸಬಹುದು. ಫ್ಲಾಶಿನ ಶಕ್ತಿಯಿಂದ ಮತ್ತು ಅದರ ದೂರದಿಂದ ಮುಖವನ್ನು ಹೊಂದಿಸಬಹುದು. ಅಪರ್ಚರ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಆದರೆ ಷಟರ್ ವೇಗಕ್ಕೊಂದು ಮಿತಿ ಇದೆ. ಪರದೆ ಷಟರ್ ಇರುವ ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡಿಗಿಂತ ವೇಗವಾದರೆ, ಫ್ಲಾಶ್ ಬೆಳಗುವಾಗ ಸಂವೇದಕದ ಒಂದು ಭಾಗವನ್ನು ಪರದೆ ಮುಚ್ಚಿರುತ್ತದೆ. ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಕಡೂರಿನ ಬಯಲಿನಲ್ಲಿ

ಕಡೂರು ಮಳೆ ಕಡಿಮೆಯ ಬಯಲುಸೀಮೆ. ರಾಗಿಯ ಹೊಲದಲ್ಲಿ ನೆರಳಿಗೆ ಆಸರೆ ಸಿಗದು. ಬಿಸಿಲಿಗೆ ಐಎಸ್ಒ 100ರಲ್ಲಿ 1/200 ಸೆಕೆಂಡ್, ಎಫ್/11 ಸರಿಹೊಂದುತ್ತದೆ. ಫಿಲ್ಮಿನ ಕಾಲದಿಂದ ಬಂದ ಲೆಕ್ಕ ಇದು. ವ್ಯಕ್ತಿಯನ್ನು ಸೂರ್ಯನಿಗೆ ಬೆನ್ನುಮಾಡಿ ನಿಲ್ಲಿಸಿ. ಆಗ ರುಮಾಲಿನ ಮತ್ತು ಭುಜದ ಅಂಚು ಬೆಳಗುತ್ತದೆ, ಮುಖ ನೆರಳಿಗೆ ಬರುತ್ತದೆ, ಕಣ್ಣು ಕಿರಿದುಮಾಡುವ ಕಷ್ಟವೂ ತಪ್ಪುತ್ತದೆ. ಈಗ ಮುಖಕ್ಕೆ ಬೇಕಾದ ಬೆಳಕು ಸಾಫ್ಟ್‌ಬಾಕ್ಸಿನದು.

ಅದು ಸಾಕಾಗುತ್ತದೆಯೆ? ಫ್ಲಾಶಿನ ಗೈಡ್ ನಂಬರ್ 40 ಎನ್ನಿ. ಇದನ್ನು ಮೀಟರುಗಳಲ್ಲಿನ ದೂರದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. ಪೆಟ್ಟಿಗೆಯಲ್ಲಿ ಬೆಳಕು ಹರಡಿ, ಹೀರಲ್ಪಟ್ಟು, ಎಂಟನೆಯ ಒಂದು ಭಾಗ ಮಾತ್ರ ಮುಖಕ್ಕೆ ತಲುಪುತ್ತದೆ ಎಂದುಕೊಂಡರೆ ಗೈಡ್ ನಂಬರ್ ಎಂಟರ ವರ್ಗಮೂಲದಷ್ಟು ಪಾಲು ಇಳಿದು 14 ಆಗುತ್ತದೆ. 14ನ್ನು 11ರಿಂದ ಭಾಗಿಸಿದರೆ ಸುಮಾರು 1.3 ಮೀ. ಅಷ್ಟರೊಳಗೆ ಪೆಟ್ಟಿಗೆ ಇದ್ದರೆ ಬಿಸಿಲಿಗೆ ಸಾಟಿಯಾದೀತು. ಹತ್ತಿರ ತರುವುದು ಮೃದುತ್ವಕ್ಕೂ ಬೇಕು, ಶಕ್ತಿಗೂ ಬೇಕು. ಪೆಟ್ಟಿಗೆಯ ಅಂಚು ಚಿತ್ರದ ಚೌಕಟ್ಟಿಗೆ ಇನ್ನೇನು ಬೀಳಬೇಕು ಎನ್ನುವಷ್ಟು ಹತ್ತಿರ ತನ್ನಿ. ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ, ಒಂದು ಪಕ್ಕಕ್ಕಿರಲಿ.

ಆಷಾಢದ ಗಾಳಿಯಲ್ಲಿ ಈ ಪೆಟ್ಟಿಗೆ ಹಾಯಿಯಾಗುತ್ತದೆ. 60 ಸೆಂ.ಮೀ. ಚೌಕದ ಮೇಲೆ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಸುಮಾರು 15 ನ್ಯೂಟನ್ ಬಲ ಹಾಕುತ್ತದೆ. 2 ಮೀ. ಎತ್ತರದ ಕಂಬದ ತುದಿಯಲ್ಲಿ ಅದರ ತಿರುಚುಬಲ 30 ನ್ಯೂಟನ್-ಮೀಟರ್. ಉರುಳುವ ಅಂಚು ನಡುಕಂಬದಿಂದ 30 ಸೆಂ.ಮೀ. ದೂರದಲ್ಲಿದ್ದರೆ ತಡೆಯಲು ಹತ್ತು ಕೆ.ಜಿ. ತೂಕ ಬೇಕು. ಮರಳಿನ ಚೀಲ ಕಟ್ಟಿ. ಇಲ್ಲವೇ ವಿದ್ಯಾರ್ಥಿಯೊಬ್ಬರ ಕೈಗೆ ಕೊಡಿ.

ತರೀಕೆರೆಯ ತೋಟದಲ್ಲಿ

ತರೀಕೆರೆಯ ಕಡೆಗೆ ಹೋದರೆ ಅರೆಮಲೆನಾಡು, ಅಡಿಕೆ ತೋಟಗಳು. ಇಲ್ಲಿ ತೊಂದರೆ ಬೇರೆ. ಗರಿಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬೆಳಕಿನ ಬಿಲ್ಲೆಗಳನ್ನು ನೋಡಿ. ಅವು ಸೂರ್ಯನ ಬಿಂಬಗಳೇ. ಪ್ರತಿಯೊಂದು ಸಂದಿಯೂ ಸೂಜಿರಂಧ್ರ ಕ್ಯಾಮೆರಾದಂತೆ ಕೆಲಸ ಮಾಡುತ್ತದೆ. ಬಿಂಬದ ವ್ಯಾಸ ಸಂದಿಯ ಎತ್ತರದ 1/108ರಷ್ಟು, 12 ಮೀ. ಎತ್ತರದಿಂದ ಬಂದರೆ ಸುಮಾರು 11 ಸೆಂ.ಮೀ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಮರಗಳ ಕೆಳಗೆ ಕುಡುಗೋಲಿನಾಕಾರದ ಬೆಳಕು ಬಿದ್ದುದಕ್ಕೂ ಇದೇ ಕಾರಣ. ಪಾಠಕ್ಕೆ ಸೊಗಸಾದ ಈ ಬಿಲ್ಲೆಗಳು ಮುಖದ ಮೇಲೆ ಬಿದ್ದರೆ ಚಿತ್ರ ಕೆಡುತ್ತದೆ. ಆದ್ದರಿಂದ ಬಿಲ್ಲೆಗಳಿಲ್ಲದ ಪೂರ್ತಿ ನೆರಳಿನಲ್ಲಿ ವ್ಯಕ್ತಿಯನ್ನು ನಿಲ್ಲಿಸಿ.

ಆ ನೆರಳಿನಲ್ಲಿ ಚರ್ಮಕ್ಕೆ ಹಸಿರು ಛಾಯೆ ಬರುತ್ತದೆ. ಎಲೆಗಳು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚು ಹೀರಿ ಹಸಿರನ್ನು ದಾಟಿಸುತ್ತವೆ. ಫ್ಲಾಶಿನ ಬೆಳಕು ಸುಮಾರು 5,500 ಕೆಲ್ವಿನ್, ನಡುಹಗಲಿನ ಬಿಸಿಲಿನಂತೆ. ಮುಖದ ಮೇಲೆ ಅದರ ಪಾಲೇ ಹೆಚ್ಚಾಗಿದ್ದು, ಕ್ಯಾಮೆರಾದ ಬಣ್ಣದ ಹೊಂದಾಣಿಕೆಯನ್ನು ಫ್ಲಾಶಿಗೆ ಇಟ್ಟರೆ ಚರ್ಮ ಸಹಜವಾಗಿ, ತೋಟ ಹಸಿರಾಗಿ ಬರುತ್ತವೆ. ಐಎಸ್ಒ 200, 1/60 ಸೆಕೆಂಡ್, ಎಫ್/5.6ರಿಂದ ಆರಂಭಿಸಿ. ಹಿನ್ನೆಲೆ ಕತ್ತಲೆನಿಸಿದರೆ ಷಟರನ್ನು ಇನ್ನಷ್ಟು ನಿಧಾನಗೊಳಿಸಿ.

ದಂಪತಿಗಳ ಚಿತ್ರವಾದರೆ ಪೆಟ್ಟಿಗೆಯನ್ನು ಸ್ವಲ್ಪ ಹಿಂದೆ ಸರಿಸಬೇಕು. ಹತ್ತಿರದವರಿಗೆ 1 ಮೀ., ಪಕ್ಕದವರಿಗೆ 1.6 ಮೀ. ದೂರವಿದ್ದರೆ ವಿಲೋಮ ವರ್ಗ ನಿಯಮದಂತೆ ಮೊದಲನೆಯವರಿಗೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಕು. 2.5 ಮೀ. ಹಾಗೂ 3.1 ಮೀ. ಮಾಡಿದರೆ ವ್ಯತ್ಯಾಸ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಆಗ ಮೃದುತ್ವ ಸ್ವಲ್ಪ ಕಡಿಮೆಯಾಗುತ್ತದೆ; ಎರಡೂ ಒಟ್ಟಿಗೆ ಸಿಗುವುದಿಲ್ಲ.

ಅಜ್ಜಂಪುರದ ಕಾವಲಿನಲ್ಲಿ

ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಯ ಈ ದನಗಳಿಗೆ ಅಮೃತಮಹಲ್ ಎಂಬ ಹೆಸರು ಬಂದುದು ಟಿಪ್ಪುವಿನ ಕಾಲದಲ್ಲಿ. ದನ ಕಾಯುವವರ ಭಾವಚಿತ್ರವನ್ನು ಅವರ ದನಗಳೊಂದಿಗೇ ತೆಗೆಯಬೇಕೆನಿಸುವುದು ಸಹಜ. ಆದರೆ ಇವು ಬೆದರುವ, ಹಾಯುವ ತಳಿ. ಗಾಳಿಗೆ ಪಟಪಟನೆ ಬಡಿಯುವ ಪೆಟ್ಟಿಗೆಯನ್ನೂ ಮಿಂಚನ್ನೂ ಅವುಗಳ ಹತ್ತಿರ ಒಯ್ಯಬಾರದು. ಅನುಮತಿ ಪಡೆದು, ಹಿಂಡು ಹಿನ್ನೆಲೆಯಲ್ಲಿ ದೂರವಿರುವಂತೆ ನಿಂತು, ಕಾಯುವವರ ಮಾತಿನಂತೆ ನಡೆದುಕೊಳ್ಳಿ. ಇಲ್ಲಿಯೂ ವಿಲೋಮ ವರ್ಗ ನಿಯಮ ನೆರವಿಗೆ ಬರುತ್ತದೆ. 1 ಮೀ. ದೂರದ ಮುಖವನ್ನು ಬೆಳಗಿಸಿದ ಫ್ಲಾಶ್ 20 ಮೀ. ದೂರದ ದನಕ್ಕೆ ತಲುಪುವಾಗ ನಾನೂರರ ಒಂದು ಭಾಗವಾಗಿರುತ್ತದೆ.

ಸಂಜೆಯ ಬಿಸಿಲು ಕೆಂಪಾದಾಗ ಫ್ಲಾಶಿನ ಬೆಳಕು ನೀಲಿಯೆನಿಸಿ ಮುಖ ಹಿನ್ನೆಲೆಯಿಂದ ಬೇರೆಯಾಗಿ ಕಾಣುತ್ತದೆ. ಆಗ ಫ್ಲಾಶಿನ ಮೂತಿಗೆ ತಿಳಿ ಕಿತ್ತಳೆ ಬಣ್ಣದ ಹಾಳೆ ಕಟ್ಟಿ.

ಕೊನೆಯದಾಗಿ, ತೆಗೆದ ಚಿತ್ರವನ್ನು ಹಿಗ್ಗಿಸಿ ಕಣ್ಣಿನ ಪಾಪೆಯನ್ನು ನೋಡಿ. ಕಣ್ಣಿನ ಪಾರದರ್ಶಕ ಪಟಲ ಒಂದು ಪೀನ ದರ್ಪಣ. ಬೆಳಕಿನ ಆಕರದ ಪುಟ್ಟ ಬಿಂಬ ಅದರಲ್ಲಿರುತ್ತದೆ. ಅದು ಚುಕ್ಕೆಯಾಗಿದ್ದರೆ ಪೆಟ್ಟಿಗೆ ದೂರವಿತ್ತು ಎಂದರ್ಥ. ಕಿಟಕಿಯಂತೆ ಚೌಕವಾಗಿ ಕಂಡರೆ ದೂರ ಸರಿಯಾಗಿತ್ತು. ಹಾಗೆ ಬಂದ ಚಿತ್ರದ ಒಂದು ಪ್ರತಿಯನ್ನು ಅಚ್ಚುಹಾಕಿಸಿ ಆ ಮನೆಗೆ ತಲುಪಿಸುವುದನ್ನು ಮರೆಯಬೇಡಿ.