ಊರು ಬಿಟ್ಟವರಿಗೆ ಊರಿನ ಹೆಸರು

ನಮ್ಮ ಅಡ್ಡಹೆಸರು ಬಾದಾಮಿ. ಹಾಗಾದರೆ ನಮ್ಮ ಹಿರಿಯರು ಚಾಲುಕ್ಯರ ಕಾಲದಿಂದಲೂ ಬಾದಾಮಿಯವರೇ? ಬಾದಾಮಿ ಎಂದು ಬರೆದುಕೊಳ್ಳುವ ಎಲ್ಲರೂ ಒಂದೇ ಮನೆತನದ ಕವಲುಗಳೇ? ಬಾದಾಮಿಯ ಬದಲು ಹುನಗುಂದ, ಇಳಕಲ್, ಐಹೊಳಿ, ಅಮೀನಗಡ ಎಂದು ಹಾಕಿಕೊಂಡರೂ ಪ್ರಶ್ನೆ ಬದಲಾಗದು. ಮೊದಲೆಲ್ಲ ಇದು ಮದುವೆ ಮಾತುಕತೆಗೆ ಕೂತಾಗ ಏಳುತ್ತಿದ್ದ ಪ್ರಶ್ನೆ. ಈಗ ಚಿಕ್ಕ ಶೀಶೆಯಲ್ಲಿ ಜೊಲ್ಲು ಕಳಿಸಿದರೆ ಸಾಕು, ನಿಮ್ಮ ಪೂರ್ವಜರ ಮೂಲ ಹೇಳುತ್ತೇವೆ ಎನ್ನುವ ಡಿಎನ್ಎ ಕಂಪನಿಗಳ ಜಾಹೀರಾತು ಬಂದ ಮೇಲೆ ಅದಕ್ಕೆ ವಿಜ್ಞಾನದ ಕಳೆಯೂ ಬಂದಿದೆ. ಅಡ್ಡಹೆಸರು ಮತ್ತು ವಂಶವಾಹಿಗಳ ನಂಟನ್ನು ಹುಡುಕಿದ ನಿಜವಾದ ಸಂಶೋಧನೆ ಬೇಕಾದಷ್ಟಿದೆ. ಅದರ ಬಹುಪಾಲು ಇಂಗ್ಲೆಂಡಿನಲ್ಲಿ ನಡೆದದ್ದು. ಅದನ್ನು ಮಲಪ್ರಭೆಯ ದಂಡೆಗೆ ತಂದು ಒರೆಗೆ ಹಚ್ಚಿದರೆ ಹೊರಡುವ ತೀರ್ಮಾನ ಜಾಹೀರಾತಿನವರಿಗೆ ಹಿಡಿಸಲಾರದು. ನಮ್ಮ ಭಾಗದ ಅಡ್ಡಹೆಸರು ರಕ್ತದ ದಾಖಲೆಯಲ್ಲ. ಅದು ಅಕ್ಕಪಕ್ಕದವರು ಗುರುತಿಗಾಗಿ ಕೊಟ್ಟದ್ದು, ಎಷ್ಟೋ ಸಲ ಊರು ಬಿಟ್ಟುಬಂದವನಿಗೆ ಅಂಟಿದ್ದು.

ಈ ಮಾತಿಗೆ ಐಹೊಳೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ ಗುಡಿಗಳ ಮುಂದೆ ಪುರಾತತ್ತ್ವ ಇಲಾಖೆ ನಿಲ್ಲಿಸಿರುವ ಫಲಕಗಳನ್ನು ಒಂದೊಂದಾಗಿ ಓದುತ್ತ ಹೋಗಿ: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯ ಮಠ, ಲಾಡಖಾನ ಗುಡಿ. ಹುನಗುಂದ ತಾಲೂಕಿನ ಯಾವುದೋ ಶಾಲೆಯ ಹಾಜರಿ ಪುಸ್ತಕ ಓದಿದಂತೆ ಕೇಳಿಸುತ್ತದೆ. ಕಟ್ಟಿಸಿದವರಾಗಲಿ ಒಳಗಿದ್ದ ದೇವರಾಗಲಿ ಈ ಹೆಸರುಗಳಲ್ಲಿ ಇಲ್ಲ. ಪೂಜೆ ನಿಂತು ಶತಮಾನಗಳಾದ ಮೇಲೆ ಜನ ಗುಡಿಗಳ ಒಳಗೂ ಒತ್ತಿಗೂ ಸಂಸಾರ ಹೂಡಿದರು. ಯಾರ ಮನೆ ಹತ್ತಿರವೋ ಅವರ ಹೆಸರು ಗುಡಿಗೆ ಬಂತು. ಲಾಡಖಾನ ಎಂಬಾತ ಅದನ್ನೇ ಮನೆ ಮಾಡಿಕೊಂಡಿದ್ದರಿಂದ ಚಾಲುಕ್ಯರ ಒಂದು ದೇವಾಲಯ ಇಂದಿಗೂ ಜಗತ್ತಿನ ವಾಸ್ತುಶಿಲ್ಪ ಗ್ರಂಥಗಳಲ್ಲಿ ಅವನ ಹೆಸರಿನಲ್ಲೇ ಇದೆ. ದುರ್ಗ ಗುಡಿಯದಂತೂ ಇನ್ನೂ ದೊಡ್ಡ ಮೋಸ. ಹೆಸರು ಕೇಳಿ ದುರ್ಗೆಯ ಗುಡಿ ಎಂದುಕೊಂಡವರೇ ಹೆಚ್ಚು. ಆ ಹೆಸರು ಬಂದದ್ದು ಒಂದು ಕಾಲಕ್ಕೆ ಅದನ್ನು ಒಳಗೊಂಡಿದ್ದ ಕೋಟೆಯಿಂದ. ಅಲ್ಲಿನ ಶಾಸನ ಹೇಳುವುದು ಆದಿತ್ಯನ, ಎಂದರೆ ಸೂರ್ಯನ ಗುಡಿಯ ಮಾತನ್ನು. ಹೆಸರು ಸುಳ್ಳಲ್ಲ, ಆದರೆ ಅದು ಹುಟ್ಟಿನ ಸುದ್ದಿ ಹೇಳುತ್ತಿಲ್ಲ. ನಡುವೆ ಎಲ್ಲೋ ಒಂದು ಘಟ್ಟದಲ್ಲಿ ಊರವರು ಅದನ್ನು ಹೇಗೆ ಗುರುತಿಸುತ್ತಿದ್ದರು ಎಂಬುದನ್ನಷ್ಟೇ ಹೇಳುತ್ತಿದೆ. ಮನೆತನಗಳಿಗೂ ಅಡ್ಡಹೆಸರು ಅಂಟಿದ್ದು ಹೀಗೆಯೇ.

ಇಂಗ್ಲಿಷರ ಅಡ್ಡಹೆಸರುಗಳನ್ನು ವಿದ್ವಾಂಸರು ನಾಲ್ಕು ಗುಂಪು ಮಾಡುತ್ತಾರೆ: ಊರಿನವು, ಕಸುಬಿನವು, ತಂದೆಯ ಹೆಸರಿನವು, ಚೇಷ್ಟೆಯ ಹೆಸರಿನವು. ನಮ್ಮಲ್ಲಿ ಮೊದಲೆರಡರ ಬೆಳೆ ಹುಲುಸು. ಕಂಬಾರ, ಪತ್ತಾರ, ಹೂಗಾರ, ಗಾಣಿಗೇರ, ನದಾಫ, ಬಾಗವಾನ ಕಸುಬಿನವು. ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ ಹುದ್ದೆಯವು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಇಂಥವು ಬಹುಶಃ ವ್ಯಾಪಾರದ್ದೋ ಗೆಳೆಯರ ಗೇಲಿಯದ್ದೋ. ಇಂಗ್ಲೆಂಡಿನ ಸ್ಮಿತ್ ಎಂದರೆ ನಮ್ಮ ಕಂಬಾರನೇ. ಕಮ್ಮಾರನಿಲ್ಲದ ಹಳ್ಳಿ ಇರಲಿಲ್ಲವಾದ್ದರಿಂದ ಆ ಹೆಸರು ನೂರಾರು ಕಡೆ ಬೇರೆಬೇರೆಯಾಗಿ ಹುಟ್ಟಿತು. ಹಿರೇಮಠ ಎಂಬುದೂ ಹಾಗೆಯೇ. ಊರೂರಿಗೂ ಒಂದು ಹಿರೇಮಠ ಇದ್ದಾಗ ಎಲ್ಲ ಹಿರೇಮಠರೂ ಒಂದೇ ಮೂಲದವರು ಎಂದು ಯಾರೂ ವಾದಿಸುವುದಿಲ್ಲ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಮರಾಠರಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿ ಇದ್ದಾರೆ. ವಂಶಪಾರಂಪರ್ಯದ ಗೌಡಿಕೆ, ಕುಲಕರ್ಣಿಕೆಗಳನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ತೆಗೆದುಹಾಕಿತು. ಹುದ್ದೆ ಹೋದರೂ ಹೆಸರು ಉಳಿಯಿತು. ಇನ್ನು ಊರಿನ ಹೆಸರುಗಳಿಗೆ ಒಂದು ಸರಳ ತರ್ಕ ಇದೆ. ಬಾದಾಮಿಯಲ್ಲಿ ಇರುವವರೆಲ್ಲ ಬಾದಾಮಿಯವರೇ ಆದ್ದರಿಂದ ಅಲ್ಲಿ ಆ ಹೆಸರಿನಿಂದ ಯಾರನ್ನೂ ಬೇರೆ ಮಾಡಿ ಗುರುತಿಸಲಾಗದು. ಅದು ಉಪಯೋಗಕ್ಕೆ ಬರುವುದು ಊರು ಬಿಟ್ಟ ಮೇಲೆ. ವಿ. ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಎಂ. ಎಂ. ಕಲಬುರ್ಗಿಯವರು ವಿಜಯಪುರ ಜಿಲ್ಲೆಯವರು. ಅವರ ಅಡ್ಡಹೆಸರಿನಲ್ಲಿರುವ ಊರು ಹಿಂದೆಂದೋ ಹೊರಟುಬಂದ ದಾರಿಯ ಗುರುತು.

ಬೇರೂರಿದ ಅಡ್ಡಹೆಸರಿನ ಪದ್ಧತಿಯೂ ಚಾಲುಕ್ಯರಷ್ಟು ಹಳೆಯದಲ್ಲ. ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ಪುಲಕೇಶಿಯ ಪ್ರಶಸ್ತಿ ಬರೆದವನು ಬರೀ ರವಿಕೀರ್ತಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಸೂತ್ರಧಾರಿ ಬರೀ ಗುಂಡ. ಅವನಿಗಿದ್ದ ಅನಿವಾರಿತಾಚಾರಿ ಎಂಬುದು ಬಿರುದು, ಮನೆತನದ ಹೆಸರಲ್ಲ. ಆದರೆ ಊರಿನ ಹೆಸರು ಜನರ ಬೆನ್ನೇರಿ ದೇಶ ಸುತ್ತಿದ ಅತಿ ದೊಡ್ಡ ಉದಾಹರಣೆ ಐಹೊಳೆಯದೇ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಸಂಘದ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳ ಉದ್ದಗಲಕ್ಕೂ ಸಿಕ್ಕಿವೆ. ಸುಮಾತ್ರಾದ ಬಾರುಸ್ ಬಳಿ ದೊರೆತ 1088ರ ತಮಿಳು ಶಾಸನದಲ್ಲೂ ಐನೂರ್ವರು ಇದ್ದಾರೆ. ಈ ವರ್ತಕರು ತಮ್ಮನ್ನು ನಾನಾದೇಶಿಗಳು ಎಂದು ಕರೆದುಕೊಂಡರು. ಬೇರೆಬೇರೆ ನಾಡಿನ, ಬೇರೆಬೇರೆ ಜಾತಿಯ ಆ ಜನರಲ್ಲಿ ಎಷ್ಟೋ ಮಂದಿ ಮಲಪ್ರಭೆಯನ್ನು ಕಂಡವರೇ ಅಲ್ಲ. ಐಹೊಳೆಯ ಹೆಸರು ಅವರಿಗೆ ವ್ಯವಹಾರದ ನಂಬಿಕೆಯ ಮುದ್ರೆಯಾಗಿತ್ತೇ ಹೊರತು ಜನ್ಮಪತ್ರವಾಗಿರಲಿಲ್ಲ. ಇಂದಿನ ರೂಪದ ಅಡ್ಡಹೆಸರು ಗಟ್ಟಿಯಾದದ್ದು ಬಹಳ ಈಚೆಗೆ, ಕಂದಾಯದ ಕಾಗದ ಮತ್ತು ಶಾಲೆಯ ದಾಖಲೆಗಳಿಂದ. ಬಾಗಲಕೋಟೆಯ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ರೂಢಿಯಾಯಿತು. ಹಳೆಯ ಮೈಸೂರಿನಲ್ಲಿ ಅದೇ ಊರು, ಅದೇ ತಂದೆ ಹೆಸರಿನ ಹಿಂದಿನ ಇನಿಷಿಯಲ್ಲುಗಳಾದವು.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಇಂಗ್ಲೆಂಡಿನಲ್ಲಿ ಡಿಎನ್ಎ ಅಡ್ಡಹೆಸರಿಗೆ ತಾಳೆಯಾಗಿದೆಯಲ್ಲ? ಹೌದು, ಆಗಿದೆ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗಷ್ಟೇ ಹೋಗುತ್ತದೆ, ಅಡ್ಡಹೆಸರಿನ ದಾರಿಯೂ ಅದೇ. ಹಾಗಾಗಿ ಎರಡೂ ಜೊತೆಯಾಗಿ ಸಾಗಬೇಕು. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ 2000ದಲ್ಲಿ ತನ್ನದೇ ಅಡ್ಡಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ ಒಂದೇ ಬಗೆಯ ವೈ ಕ್ರೋಮೋಸೋಮ್ ಸಿಕ್ಕಿತು. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ಹೋಲಿಸಿದರು. ಆಟನ್‌ಬರೋ ಎಂಬ ಅಪರೂಪದ ಹೆಸರಿನವರಲ್ಲಿ ಬಹುಪಾಲು ಒಂದೇ ಮೂಲದವರು. ಸ್ಮಿತ್‌ಗಳಲ್ಲಿ ಬೀದಿಯಲ್ಲಿ ಸಿಕ್ಕ ಯಾರೋ ಇಬ್ಬರ ನಡುವಿನ ನಂಟಿಗಿಂತ ಹೆಚ್ಚೇನೂ ಇಲ್ಲ. ಆಟನ್‌ಬರೋ ಕೂಡ ಒಂದು ಊರಿನ ಹೆಸರೇ. ಅಂದಮೇಲೆ ಬಾದಾಮಿಗೆ ಯಾಕೆ ಆಗದು? ಏಕೆಂದರೆ ಆಟನ್‌ಬರೋ ಸಣ್ಣ ಹಳ್ಳಿ; ಅಲ್ಲಿಂದ ಹೊರಟ ಒಬ್ಬನ ಸಂತತಿಯಷ್ಟೇ ಆ ಹೆಸರಿನಲ್ಲಿ ಉಳಿದಿರುವ ಸಂಭವ ಹೆಚ್ಚು. ಬಾದಾಮಿ, ಇಳಕಲ್ಲುಗಳು ಪೇಟೆಗಳು. ಬರಗಾಲಕ್ಕೆ ಅಂಜಿ ಹೊರಟ ರೈತ, ಕೆಲಸ ಹುಡುಕಿ ಹೊರಟ ನೇಕಾರ, ಸರಕು ಹೇರಿಕೊಂಡು ಹೊರಟ ಸೆಟ್ಟಿ, ಎಲ್ಲರಿಗೂ ಹೋದಲ್ಲಿ ಅದೇ ಹೆಸರು ಬಿದ್ದಿರುತ್ತದೆ. ಹತ್ತಿಪ್ಪತ್ತು ಮನೆಗಳ ಕುಗ್ರಾಮದ ಹೆಸರನ್ನು ಅಡ್ಡಹೆಸರಾಗಿ ಉಳ್ಳವರನ್ನು ಪರೀಕ್ಷಿಸಿದರೆ ನಮ್ಮಲ್ಲೂ ಆಟನ್‌ಬರೋಗಳು ಸಿಕ್ಕಾರು. ಪೇಟೆಯ ಹೆಸರಿನವರು ಸ್ಮಿತ್ ಗುಂಪಿಗೇ ಸೇರುತ್ತಾರೆ.

ಒಂದೇ ಮೂಲದ ಹೆಸರಿನಲ್ಲೂ ಕೊಂಡಿ ಕಳಚುತ್ತದೆ. ನಮ್ಮಲ್ಲಿ ದತ್ತು ಮತ್ತು ಮನೆಅಳಿಯತನ ಗೌರವದ ರೂಢಿಗಳು. ಹೊಲ, ಮನೆ, ವತನ ಉಳಿಯಬೇಕಾದರೆ ಹೆಸರು ಉಳಿಯಬೇಕಿತ್ತು. 1824ರಲ್ಲಿ ಕಿತ್ತೂರಿನ ದೇಸಗತಿಯ ದತ್ತುಮಗನನ್ನು ಕಂಪನಿ ಸರಕಾರ ಒಪ್ಪದಿದ್ದದ್ದೇ ಚೆನ್ನಮ್ಮನ ಯುದ್ಧಕ್ಕೆ ಕಾರಣವಾಯಿತು. ಬಾದಾಮಿಗೆ ಹತ್ತಿರದ ನರಗುಂದದ ಅರಸ 1858ರಲ್ಲಿ ಬಂಡೆದ್ದದ್ದಕ್ಕೂ ದತ್ತು ನಿರಾಕರಣೆಯೇ ದೊಡ್ಡ ಕಾರಣ. ಜನರ ಕಣ್ಣಿನಲ್ಲಿ ದತ್ತುಮಗ ಪೂರ್ಣ ಮಗ, ವೈ ಕ್ರೋಮೋಸೋಮಿನ ಲೆಕ್ಕದಲ್ಲಿ ಮಾತ್ರ ಹೊಸಬ. ತಲೆಮಾರಿಗೆ ನೂರಕ್ಕೆ ಎರಡೇ ಕಡೆ ಹೀಗಾಯಿತು ಎಂದಿಟ್ಟುಕೊಂಡರೂ 25 ತಲೆಮಾರು ಕಳೆಯುವಷ್ಟರಲ್ಲಿ ಮೂಲದ ಕ್ರೋಮೋಸೋಮ್ ಉಳಿದಿರುವುದು ನೂರರಲ್ಲಿ ಸುಮಾರು 60 ಕಡೆ. ಕೊಂಡಿ ಎಲ್ಲೂ ಕಳಚದೆ ಉಳಿದುಬಂದರೂ ಅಡ್ಡಹೆಸರು ಹೇಳುವುದು ತೀರ ಕಡಿಮೆ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿವೆ. ಅಡ್ಡಹೆಸರು ಅವುಗಳಲ್ಲಿ ಒಂದನ್ನಷ್ಟೇ ತೋರಿಸುತ್ತದೆ. ಮದುವೆಯಾಗಿ ಹೆಸರು ಬಿಟ್ಟುಬಂದ ಅಜ್ಜಿಯರು ಒಬ್ಬರೂ ಅದರಲ್ಲಿಲ್ಲ.

ಅಡ್ಡಹೆಸರು ಉಳಿದದ್ದೇ ಮನೆತನದ ದೊಡ್ಡಸ್ತಿಕೆಗೆ ಸಾಕ್ಷಿ ಎನ್ನುವವರೂ ಇದ್ದಾರೆ. ಈ ಭ್ರಮೆ ಕಳೆದದ್ದು ಗಣಿತ. ಇಂಗ್ಲೆಂಡಿನ ಪ್ರತಿಷ್ಠಿತ ಮನೆತನಗಳು ಅಳಿಯುತ್ತಿವೆ ಎಂಬ ಕಳವಳದಿಂದ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಪತ್ರಿಕೆಯೊಂದರಲ್ಲಿ ಲೆಕ್ಕ ಬಿಡಿಸಲು ಕರೆ ಕೊಟ್ಟ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಗಣಿತಜ್ಞ ಬಿಡಿಸಿದ. ಸರಾಸರಿ ಒಬ್ಬ ತಂದೆಗೆ ಒಬ್ಬ ಮಗ ಎಂದಾದರೆ, ಯಾವ ಕೊರತೆಯೂ ಇಲ್ಲದೆ ಬರೀ ಆಕಸ್ಮಿಕದಿಂದ, ಒಂದೇ ತಲೆಮಾರಿನಲ್ಲಿ ನೂರಕ್ಕೆ ಸುಮಾರು 37 ಹೆಸರುಗಳು ಅಳಿಯುತ್ತವೆ, ಐದು ತಲೆಮಾರಿಗೆ 73. ಗಾಲ್ಟನ್ ಹುಡುಕಿದ್ದು ದೊಡ್ಡ ಮನೆತನಗಳ ದೋಷವನ್ನು. ಲೆಕ್ಕ ತೋರಿಸಿದ್ದು ಅದೃಷ್ಟದ ಆಟವನ್ನು. ಎಲ್ಲ ಹೆಸರೂ ಕೊನೆಗೆ ಅಳಿಯುತ್ತವೆ ಎಂದು ವಾಟ್ಸನ್ ಹೇಳಿದ್ದು ತಪ್ಪಾಗಿತ್ತು. ಸರಾಸರಿ ಒಂದಕ್ಕಿಂತ ಹೆಚ್ಚಿದ್ದರೆ ಕೆಲವು ಹೆಸರುಗಳು ಬದುಕುತ್ತವೆ ಎಂದು ಮುಂದೆ ತಿದ್ದಲಾಯಿತು. ನಮ್ಮ ಮಟ್ಟಿಗೆ ಆ ಸೂತ್ರದ ಇನ್ನೊಂದು ಕಟ್ಟಳೆಯೂ ನಿಲ್ಲದು. ಹೊಸ ಹೆಸರು ಹುಟ್ಟುವುದಿಲ್ಲ ಎಂದು ಅದು ಹಿಡಿಯುತ್ತದೆ. ನಮ್ಮಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬ ಅಂಗಡಿ ಇಟ್ಟರೆ ಅವನ ಮಕ್ಕಳು ‘ಅಂಗಡಿ’ ಆಗುತ್ತಿದ್ದರು.

ಎಲ್ಲಕ್ಕಿಂತ ಚೆಂದದ ಪಾಠ ಇರುವುದು ಡಾರ್ವಿನ್ ಮನೆಯಲ್ಲಿ. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ 1875ರಲ್ಲಿ, ಇಂಗ್ಲೆಂಡಿನಲ್ಲಿ ಹತ್ತಿರದ ಬಳಗದಲ್ಲಿ ಎಷ್ಟು ಮದುವೆ ನಡೆಯುತ್ತವೆ ಎಂದು ತಿಳಿಯಲು ಒಂದು ಜಾಣ ಉಪಾಯ ಹೂಡಿದ. ಪತ್ರಿಕೆಯ ಮದುವೆ ಪ್ರಕಟಣೆಗಳಲ್ಲಿ ಗಂಡು ಹೆಣ್ಣಿನ ಅಡ್ಡಹೆಸರು ಒಂದೇ ಇರುವುದನ್ನು ಎಣಿಸಿದ. ಸ್ಮಿತ್ ಸ್ಮಿತ್‌ರಂಥ ಆಕಸ್ಮಿಕಗಳನ್ನು ಕಳೆದ, ಅಡ್ಡಹೆಸರು ಬೇರೆಯಿರುವ ಬಂಧುಗಳ ಪಾಲನ್ನು ಅಂದಾಜಿನಿಂದ ಕೂಡಿಸಿದ. ಶ್ರೀಮಂತ ವರ್ಗದಲ್ಲಿ ನೂರಕ್ಕೆ ಸುಮಾರು ನಾಲ್ಕೂವರೆ, ಲಂಡನ್ನಿನಲ್ಲಿ ಒಂದೂವರೆ ಎಂಬ ಉತ್ತರ ಬಂತು. ತಮಾಷೆ ಎಂದರೆ ಅವನ ತಂದೆ ಚಾರ್ಲ್ಸ್ ಮದುವೆಯಾದದ್ದು ಸೋದರಮಾವನ ಮಗಳು ಎಮ್ಮಾ ವೆಜ್‌ವುಡ್‌ಳನ್ನು. ಅಡ್ಡಹೆಸರು ಬೇರೆ, ತನ್ನ ಹೆತ್ತವರ ಮದುವೆಯೇ ಅವನ ನೇರ ಎಣಿಕೆಗೆ ಸಿಕ್ಕದ ಜಾತಿಯದು. ಈಗ ಅದೇ ಉಪಾಯವನ್ನು ಬಾದಾಮಿ, ಹುನಗುಂದದ ಲಗ್ನಪತ್ರಿಕೆಗಳ ಮೇಲೆ ಹೂಡಿ ನೋಡಿ. ಚಿಕ್ಕಪ್ಪ, ದೊಡ್ಡಪ್ಪಂದಿರ ಮಗಳು ನಮ್ಮ ಹಿಂದೂ ಮನೆಗಳಲ್ಲಿ ತಂಗಿ; ಅಡ್ಡಹೆಸರು ಒಂದೇ, ಮದುವೆ ನಿಷಿದ್ಧ. ಮದುವೆಗೆ ಸಲ್ಲುವವರು ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು. ಈ ಮೂವರ ಅಡ್ಡಹೆಸರೂ ಬೇರೆಯೇ. ಅಕ್ಕನ ಮಗಳನ್ನು ಮಾಡಿಕೊಂಡರೆ ಹುಟ್ಟುವ ಮಗುವಿನಲ್ಲಿ ಒಂದೇ ಪೂರ್ವಜನಿಂದ ಬಂದ ವಂಶವಾಹಿ ಜೋಡಿಯಾಗಿ ಸೇರುವ ಸಂಭವ ಎಂಟರಲ್ಲಿ ಒಂದು, ಸೋದರಮಾವನ ಮಗಳಾದರೆ ಹದಿನಾರರಲ್ಲಿ ಒಂದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆಯ ಜೊತೆಗೆ ನಡೆದ ಅಧ್ಯಯನದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ದಂಪತಿ ರಕ್ತಸಂಬಂಧಿಗಳೇ ಆಗಿದ್ದರು. ಜಾರ್ಜನ ಲೆಕ್ಕ ಹಿಡಿದಿದ್ದರೆ ಅದು ಹೆಚ್ಚುಕಡಿಮೆ ಸೊನ್ನೆ ಎನ್ನಬೇಕಿತ್ತು. ಇಂಗ್ಲೆಂಡಿನಲ್ಲಿ ಒಂದೇ ಅಡ್ಡಹೆಸರು ನಂಟಿನ ಸುಳಿವು. ನಮ್ಮಲ್ಲಿ ಬೇರೆ ಅಡ್ಡಹೆಸರು ನಂಟಿಲ್ಲ ಎನ್ನುವುದಕ್ಕೆ ಪುರಾವೆಯೇ ಅಲ್ಲ.

ಹಾಗಾದರೆ ರಕ್ತದ ಗಡಿ ಕಾಯ್ದದ್ದು ಯಾವುದು? ಹಿಂದೂ ಮನೆಗಳಲ್ಲಿ ಮದುವೆಗೆ ನೋಡುತ್ತಿದ್ದದ್ದು ಬೆಡಗು, ಗೋತ್ರ. ಅದಕ್ಕೂ ಹೊರಗಿನ ಬೇಲಿ ಜಾತಿ. ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭಾರತದ ಜನಸಮುದಾಯಗಳು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಧಾರಾಳವಾಗಿ ಬೆರೆತು, ಆಮೇಲೆ ಒಳಗೊಳಗೇ ಮದುವೆಯಾಗತೊಡಗಿದವು. ಇದರ ಅರ್ಥ ಎರಡು. ಮೂಲ ಶುದ್ಧಿಯ ಜಂಬಕ್ಕೆ ಯಾರಿಗೂ ಆಧಾರವಿಲ್ಲ. ಕಳೆದ ಕೆಲವು ಶತಮಾನಗಳಲ್ಲಿ ಹುಟ್ಟಿದ ಅಡ್ಡಹೆಸರು ಅಷ್ಟು ಹಳೆಯ ಕಥೆ ಹೇಳಲಾರದು. ಬಾದಾಮಿ ಎಂಬ ಹೆಸರು ಚಾಲುಕ್ಯರ ನಂಟನ್ನು ಸಾಬೀತು ಮಾಡುವುದಿಲ್ಲ, ಆ ಹೆಸರಿನ ಮೇಲೆ ಮಾಡಿಸಿದ ಡಿಎನ್ಎ ಪರೀಕ್ಷೆಯೂ ಮಾಡಲಾರದು. ವಂಶವಾಹಿಗಳ ಪರೀಕ್ಷೆಗೆ ದುಡ್ಡು ಹಾಕುವುದಿದ್ದರೆ, ಬಳಗದಲ್ಲೇ ಮದುವೆ ನಿಶ್ಚಯಿಸಿರುವ ಮನೆಯವರು ಮದುವೆಗೆ ಮುಂಚೆ ವೈದ್ಯರಲ್ಲಿ ಹೋಗಿ ಅನುವಂಶೀಯ ಕಾಯಿಲೆಗಳ ಸಲಹೆಗೆ ಹಾಕಲಿ. ಮನೆತನದ ಕಥೆ ಬೇಕೆನ್ನುವವರು ಇನ್ನೂ ಮಾತಾಡಬಲ್ಲ ಹಿರಿಯರಿಂದ ಅಜ್ಜಿಯರ ತವರೂರುಗಳನ್ನೂ, ಈಗಿನ ಅಡ್ಡಹೆಸರಿಗೆ ಮುಂಚೆ ಇದ್ದ ಅಡ್ಡಹೆಸರನ್ನೂ ಬರೆದಿಟ್ಟುಕೊಳ್ಳಲಿ. ಯಾವ ಪ್ರಯೋಗಾಲಯದಲ್ಲೂ ಸಿಗದ ಮಾಹಿತಿ ಅದು.